ಓಪನ್ ಆಗ್ತಾ ಉಂಟು

ಅರುವತ್ತೊಂದು ದಿನ ಬೋಟುಗಳ ಜೊತೆ
ಅದೂ ರಜೆಯಲ್ಲಿತ್ತು,
ಮಲ್ಪೆಯ ಐಸ್ ಪ್ಲಾಂಟಿನ ಮೂಲೆಮೇಜಿನ ಮೇಲೆ
ಹಳೇ ಲುಂಗಿ ಹೊದ್ದು, ಅಮೋನಿಯಾ ಉಸಿರಾಡುತ್ತ.
ಆಗಸ್ಟ್ ಒಂದಕ್ಕೆ ಬಟನ್ ಒತ್ತಿದರೆ
ಮೂರು ಸಲ ಕೂಗಿತಂತೆ.
ಆಮೇಲೆ ಸುದ್ದಿಯಿಲ್ಲ.

ಮುಚ್ಚಳ ಬಿಚ್ಚಿದೆ. ಎರಡು ಹಲ್ಲಿಮೊಟ್ಟೆ.
ರ‍್ಯಾಮಿನ ಚಿನ್ನದ ಹಲ್ಲುಗಳಿಗೆ ಹಸಿರು ಕಿಲುಬು.
ಮಕ್ಕಳ ಕಂಪಾಸಿನ ರಬ್ಬರಿನಿಂದ ತಿಕ್ಕಿದೆ
(ನನ್ನ ಅರ್ಧ ಹೊಟ್ಟೆಪಾಡು ಆ ಐದು ರೂಪಾಯಿಯ ರಬ್ಬರು).
ಎದ್ದಿತು. ಪೂರ್ತಿ ಏಳಲಿಕ್ಕೆ
ಒಂಬತ್ತು ನಿಮಿಷ, ಒಂದೂವರೆ ಚಾ.

"ಹೊಸತೇ ತೆಗೆಯುವ" ಎಂದ
ಬೇಬಿಯಕ್ಕನ ತಂಗಿಯ ಮಗ ತಿಲಕ್‌ರಾಜ.
ಮೊಬೈಲಿನಲ್ಲಿ ತೋರಿಸಿದ: ಗಾಜಿನ ಪೆಟ್ಟಿಗೆ,
ಒಳಗೆ ಮೂರು ಬಣ್ಣದ ಫ್ಯಾನು, ಮದುವೆ ಹಾಲಿನ ದೀಪ,
ಹನ್ನೊಂದನೇ ವಿಂಡೋಸು, ಹದಿನಾರು ಜಿಬಿ,
ಲಕ್ಷಕ್ಕೆ ನಾಲ್ಕೇ ಸಾವಿರ ಕಮ್ಮಿ.
ಬೇಬಿಯಕ್ಕ ನನ್ನ ಮುಖ ನೋಡಿದರು,
ಬಂಗುಡೆಯ ಕಿವಿರು ಎತ್ತಿ ನೋಡುವ ಹಾಗೆ.

ನಾನು ಕೇಳಿದ್ದು ಒಂದೇ:
ಇದರಲ್ಲಿ ನೀವು ಎಂತ ಮಾಡ್ತೀರಿ?

ಬಿಲ್ಲು. ಬಾಕಿ. ಐಸ್‌ಗಡ್ಡೆಯ ಲೆಕ್ಕ.
ಕಪ್ಪು ಪರದೆ, ಬಿಳಿ ಅಕ್ಷರದ ಡಾಸ್ ಪ್ರೋಗ್ರಾಮು.
ಬರೆದುಕೊಟ್ಟ ಕಂಕನಾಡಿಯ ಸಲ್ದಾನ
ಈಗ ಅಂಗಡಿ ಮುಚ್ಚಿ ಅಣಬೆ ಬೆಳೆಸುತ್ತಾನೆ.
ಅದಕ್ಕೆ ಅರುವತ್ತನಾಲ್ಕು ಬಿಟ್ಟಿನ ಮನೆಯಲ್ಲಿ
ಕೂರಲು ಮಣೆಯೇ ಇಲ್ಲ. ಮೂವತ್ತೆರಡೇ ಬೇಕು.
ಮೂವತ್ತೆರಡಕ್ಕೋ ನಾಲ್ಕು ಜಿಬಿಯಾಚೆ
ಎಣಿಸಲು ಬಾರದು.
ಹದಿನಾರು ಹಾಕಿದರೆ
ಹನ್ನೆರಡು ಸುಮ್ಮನೆ ಜಗಲಿಯಲ್ಲಿ ಕೂತಿರುತ್ತವೆ.
ಹನ್ನೊಂದಂತೂ ಈ ಬೋರ್ಡನ್ನು ಹೊಸ್ತಿಲಲ್ಲೇ ತಡೆದು
ಯಾವುದೋ ಚಿಪ್ಪಿನ ಗುರುತುಚೀಟಿ ಕೇಳುತ್ತದೆ.
ಇಂಟರ್ನೆಟ್ಟಿನ ವೈರು ಕಿತ್ತಿಡಿ, ಅದು ನಿಮಗೆ ಬೇಡ.
ಏಳು ಅಂದರೆ ಏಳುವ
ಏಳೇ ಸಾಕು.
ಬದಲಿಸುವುದಿದ್ದರೆ ಈ ಗರಗರ ತಿರುಗುವ ಡಿಸ್ಕನ್ನು.

"ಹಾಗೆ ಹೇಳು" ಎಂದರು ಬೇಬಿಯಕ್ಕ,
"ಇಂಜಿನ್ ಸರಿ ಉಂಟು,
ಫ್ಯಾನಿಗೆ ಬಲೆ ಸುತ್ತಿಕೊಂಡಿದೆ."
ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ
ನಾನು ಹುಡುಕುತ್ತಿದ್ದ ಮಾತು.

ಎಸ್‌ಎಸ್‌ಡಿ, ಎರಡು ಜಿಬಿಯ ಹಳೇ ರ‍್ಯಾಮು,
ನನ್ನ ಕೂಲಿ: ಮೂರು ಸಾವಿರದ ಇನ್ನೂರು.
ತಿಲಕ್‌ರಾಜ ಮಾತಾಡದೆ ಬೈಕ್ ಹತ್ತಿದ.
ಬಟನ್ ಒತ್ತಿ ಎಣಿಸಿದೆ. ಹತ್ತೊಂಬತ್ತು ಸೆಕೆಂಡು.
ಇನ್ನೊಮ್ಮೆ ಒತ್ತಿಸಿದೆ, ನನ್ನದೇ ಖುಷಿಗೆ.

ಎಂಟನೇ ದಿನ, ಬೆಳಿಗ್ಗೆ ಐದಕ್ಕೆ ಫೋನು.
"ಮಾರಾಯ, ಅದನ್ನು ಸ್ವಲ್ಪ ನಿಧಾನ
ಮಾಡ್ಲಿಕ್ಕೆ ಆಗ್ತದಾ?"

ನಾನು ತಪ್ಪು ಕೇಳಿಸಿತೆಂದುಕೊಂಡೆ.

"ಮುಂಚೆ ಅದು ಏಳುವಷ್ಟರಲ್ಲಿ
ಬಂದವನಿಗೆ ಕೂತುಕೋ ಅನ್ನುತ್ತಿದ್ದೆ.
ಎಷ್ಟು ಬಲೆ ಹರಿಯಿತು, ಡೀಸೆಲಿಗೆ ಎಷ್ಟು ಹೋಯಿತು,
ಹುಡುಗರಿಗೆ ಪಾಲು ಕೊಟ್ಟೆಯಾ,
ಎಲ್ಲ ಗೊತ್ತಾಗುತ್ತಿತ್ತು.
ಈಗ ಅವನು ಚಪ್ಪಲಿ ಬಿಡುವ ಮೊದಲೇ
ಬಾಕಿ ಬಂದು ನಿಲ್ಲುತ್ತದೆ.
ನಿನ್ನೆ ಗಂಗಾಧರ ಮೆಂಡನ್
ಅದನ್ನು ಓದಿ, ಐಸು ಕೇಳದೆ ಹೋದ."

ಮದ್ದಿಲ್ಲ ಅಂದೆ. ಹಳೇ ಡಿಸ್ಕನ್ನು ಮರಳಿ ಹಾಕಬಹುದು,
ಆದರೆ ಅದು ಯಾವ ದಿನ ಸಾಯುತ್ತದೋ ಹೇಳಲಾಗದು.
"ಬೇಡ ಬಿಡು" ಎಂದು ಫೋನಿಟ್ಟರು.

ಆ ತಿಂಗಳ ಕೊನೆಗೆ ಪ್ರಿಂಟರಿನ ರಿಬ್ಬನ್ ಕೊಡಲು ಹೋದೆ.
ಪರದೆಯ ಮುಖ ಗೋಡೆಯ ಕಡೆ ತಿರುಗಿತ್ತು,
ಅವರ ಕುರ್ಚಿಯೂ ಆಚೆ ಬದಿಗೆ ಹೋಗಿತ್ತು.
ಎದುರಿನ ಬೆಂಚಿನಲ್ಲಿ ಒದ್ದೆ ಚಡ್ಡಿಯ ಮೆಂಡನ್,
ಕೈಯಲ್ಲಿ ಚಾ.
ಬೇಬಿಯಕ್ಕ ಬಿಳಿ ಅಕ್ಷರಗಳ ಬೆಳಕಲ್ಲಿ
ಕೀಬೋರ್ಡಿನ ಮೇಲೆ ಕೈಯಿಟ್ಟು
ನನ್ನ ಕಡೆ ನೋಡದೆ ಅವನಿಗೆ ಹೇಳುತ್ತಿದ್ದರು:
"ಕೂತುಕೋ. ಓಪನ್ ಆಗ್ತಾ ಉಂಟು."